ಕೈ ಬೆನ್ನ ಹಿಂದೆ ಕಟ್ಟಿದ ಕಂಚುಗಾರ

"ಅಜ್ಜಾರೇ, ಕೆಲಸ ಬಲ್ಲವನು ಮತ್ತೆ ಪಾಠಕ್ಕೆ ಕೂರಬೇಕೇ?"

ಹೀಗೆ ಕೇಳಿದವನು ನನ್ನ ಶಿಷ್ಯ ಬಸಲಿಂಗ. ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಇಂಜಿನಿಯರು. ಕಬ್ಬಿಣ ಕರಗಿಸುವ ಕುಲುಮೆ ಅವನ ಉಸ್ತುವಾರಿಯಲ್ಲಿದೆ. ಆ ಕುಲುಮೆ ಎಂದೂ ಆರುವಂತಿಲ್ಲ. ಕಂಪನಿಯವರು ಅವನನ್ನು ಇಡೀ ವಿಭಾಗಕ್ಕೆ ಮುಖ್ಯಸ್ಥನನ್ನಾಗಿ ಮಾಡಬೇಕೆಂದಿದ್ದರು. ಅದಕ್ಕೆ ಮೊದಲು ಇಂಜಿನಿಯರಿಂಗ್ ಮ್ಯಾನೇಜ್‌ಮೆಂಟಿನಲ್ಲಿ ಸ್ನಾತಕೋತ್ತರ ಪದವಿ ಪಡೆಯಬೇಕಂತೆ. ಕೆಲಸ ಬಿಡಬೇಕಾಗಿಲ್ಲ; ತರಗತಿ ಸಂಜೆ ಹೊತ್ತು. ಹೂಂ ಎನ್ನಬೇಕೋ ಉಹೂಂ ಎನ್ನಬೇಕೋ ತಿಳಿಯದೆ, ಪಾಳಿಯ ನಡುವೆಯೇ ಎದ್ದು ನನ್ನ ಜಗಲಿಗೆ ಬಂದಿದ್ದ.

"ಓದುವುದಕ್ಕೆ ಭಯವಿಲ್ಲ," ಎಂದ. "ಆದರೆ ಸಂಜೆ ನಾನು ಎದ್ದು ಹೋದರೆ ಕೆಲಸ ಕೆಡುತ್ತದೆ. ನನ್ನ ಹಾಗೆ ಮಾಡುವವರು ಅಲ್ಲಿ ಒಬ್ಬರೂ ಇಲ್ಲ. ಕೆಲಸ ಮಾಡಬಲ್ಲವನಿಗೆ ಕೆಲಸ ಮಾಡಿಸುವ ಪಾಠ ಯಾತಕ್ಕೆ?"

ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಹತ್ತಿದ್ದರೆ ಮಾಸ್ತರರು ಕುರ್ಚಿ ಬಿಟ್ಟು ಇಳಿಯಬೇಕಾಗುತ್ತಿತ್ತು. ಪದವಿ ಪಡೆದವರೂ ಇಂಥ ಪ್ರಶ್ನೆ ಹೊತ್ತುಕೊಂಡು ಕಡೆಗೆ ನನ್ನಲ್ಲಿಗೇ ಬರುತ್ತಾರೆ. ಬಸಲಿಂಗನಿಗೆ ಈ ಕತೆ ಹೇಳಿದೆ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ.

ಒಂದು ಊರಿನಲ್ಲಿ ಒಬ್ಬ ಕಂಚುಗಾರನಿದ್ದ. ಕರಗಿದ ಕಂಚಿನ ಹದ ನೋಡುವುದರಲ್ಲಿ ಅವನಿಗೆ ಸಮನಿರಲಿಲ್ಲ. ಅವನು ಎರಕ ಹೊಯ್ದ ಚೊಂಬನ್ನು ಬೆರಳಿನಿಂದ ತಟ್ಟಿದರೆ ಪಕ್ಕದೂರಿನ ದನಗಳು ಮೇವು ಬಿಟ್ಟು ಮನೆಗೆ ಹೊರಡುತ್ತಿದ್ದವು. ಅವನ ಕೈ ನೋಡಿ ಊರವರು ಅವನನ್ನೇ ಏಳು ಕುಲುಮೆಗಳ ಯಜಮಾನನನ್ನಾಗಿ ಮಾಡಿದರು.

ಊರ ಪಕ್ಕದಲ್ಲಿ ಹೊಳೆ. ಚಳಿಗಾಲದಲ್ಲಿ ಮಂಜು ಕವಿದರೆ ದೋಣಿಯವರಿಗೆ ದಡ ಕಾಣುತ್ತಿರಲಿಲ್ಲ. ದಾರಿ ತಪ್ಪಿದ ದೋಣಿ ಸುಳಿಗೆ ಸಿಕ್ಕುತ್ತಿತ್ತು. ಹಾಗೆ ಹೋದವರು ಮರಳಿರಲಿಲ್ಲ. ದೋಣಿಯವರೆಲ್ಲ ಸೇರಿ ಕಂಚುಗಾರನ ಬಳಿ ಬಂದರು. ದಡದಲ್ಲಿ ತೂಗುಹಾಕಲು ಒಂದು ಗಂಟೆ ಬೇಕು, ಅದರ ಸದ್ದು ಹಿಡಿದು ದೋಣಿ ದಡ ಸೇರಬೇಕು ಎಂದರು. ಎಂಥ ಗಂಟೆ? ಅದರೊಳಗೆ ಎಮ್ಮೆ ಕರು ಹಾಕಿದರೂ ಹೊರಗಿನವರಿಗೆ ಸುದ್ದಿ ತಿಳಿಯಬಾರದು, ಅಂಥದ್ದು.

ಅಷ್ಟು ದೊಡ್ಡ ಗಂಟೆಗೆ ಒಂದು ಕುಲುಮೆಯ ಕಂಚು ಸಾಲದು. ಏಳೂ ಕುಲುಮೆಗಳ ಕಂಚು ಒಂದೇ ಹೊತ್ತಿಗೆ ಹದಕ್ಕೆ ಬಂದು, ಒಂದೇ ಧಾರೆಯಾಗಿ ಅಚ್ಚಿಗೆ ಇಳಿಯಬೇಕು. ಧಾರೆ ಕಡಿದರೆ ಕಡಿದಲ್ಲಿ ಬಿರುಕು.

ಎರಕದ ದಿನ ಕಂಚುಗಾರ ಒಂದನೆಯ ಕುಲುಮೆಗೆ ಹೋದ. "ಆಚೆ ಸರಿ, ನಾನೇ ನೋಡುತ್ತೇನೆ," ಎಂದು ಅಲ್ಲಿದ್ದವನ ಕೈಯಿಂದ ಸಲಾಕೆ ಕಸಿದುಕೊಂಡ. ಹದ ಮಾಡಿ ಎರಡನೆಯದಕ್ಕೆ ಓಡಿದ. ಅಲ್ಲಿದ್ದವನನ್ನೂ ಸರಿಸಿದ. ಅವನು ಕೊನೆಯ ಕುಲುಮೆ ಮುಟ್ಟುವ ಹೊತ್ತಿಗೆ ಮೊದಲನೆಯದರ ಕಂಚು ಗಟ್ಟಿಯಾಗತೊಡಗಿತ್ತು. ಅವನ ಕೈ ಬಿದ್ದ ಕಂಚೆಲ್ಲ ಚಿನ್ನದ ಹಾಗೆ ಹೊಳೆಯಿತು, ನಿಜ. ಗಂಟೆ ಮಾತ್ರ ಭುಜದ ಬಳಿ ಬಿರುಕು ಬಿಟ್ಟಿತು.

ಹೊಸದು ಹೊಯ್ಯಲು ಹೊತ್ತಿರಲಿಲ್ಲ. ಅದನ್ನೇ ತೂಗುಹಾಕಿದರು. ಮೊದಲ ಮಂಜಿನ ಬೆಳಗ್ಗೆ ಅದರ ಸದ್ದು ಕೇಳದೆ ಒಂದು ದೋಣಿ ಸುಳಿಯ ಕಡೆಗೆ ಹೋಯಿತು. ದೋಣಿ ನಡೆಸುವ ಒಬ್ಬ ಹೆಂಗಸು ತನ್ನ ದೋಣಿಯನ್ನು ಅಡ್ಡ ಹಾಕಿ ಅದರಲ್ಲಿದ್ದವರನ್ನು ಎಳೆದುಕೊಂಡಳು. ಸುಳಿಗೆ ಸಿಕ್ಕ ದೋಣಿ ಮುಳುಗಿತು, ಜನ ಉಳಿದರು.

ಆಕೆ ಒದ್ದೆ ಸೆರಗು ಹಿಂಡುತ್ತ ನೇರ ಕುಲುಮೆಗೆ ಬಂದಳು.

"ಕಂಚುಗಾರಣ್ಣಾ, ನಿನ್ನ ಗಂಟೆಗಿಂತ ನಮ್ಮತ್ತೆಯ ಕೆಮ್ಮು ದೂರ ಕೇಳುತ್ತದೆ. ದಡದಲ್ಲಿ ಆಕೆಯನ್ನೇ ತೂಗುಹಾಕಲೇನು?"

"ಏಳೂ ಕುಲುಮೆಗಳಲ್ಲಿ ನಾನೇ ಇದ್ದೆ, ಅಕ್ಕಾ," ಎಂದ ಕಂಚುಗಾರ.

"ಅದಕ್ಕೇ ಕೆಟ್ಟಿತು. ನನ್ನ ದೋಣಿಯಲ್ಲಿ ಹನ್ನೆರಡು ಹುಟ್ಟುಗಳಿವೆ. ಒಂದನ್ನೂ ನಾನು ಮುಟ್ಟುವುದಿಲ್ಲ. ಬಂದು ನೋಡು."

"ಹಾಗಾದರೆ ಕುಲುಮೆ ಬಿಟ್ಟು ಬಂದು ಕಲಿಯುತ್ತೇನೆ."

"ಬಿಟ್ಟು ಬಂದರೆ, ಕಲಿತದ್ದನ್ನು ಮಾರನೆಯ ದಿನ ಎಲ್ಲಿ ಮಾಡಿ ನೋಡುತ್ತೀಯೋ ಮಾರಾಯ? ಹಗಲು ಅಲ್ಲಿರು. ಸಂಜೆ ಇಲ್ಲಿಗೆ ಬಾ."

ಅಂದಿನಿಂದ ಕಂಚುಗಾರ ಸಂಜೆಯಾದರೆ ದೋಣಿಯ ಹಿಂಬದಿಯಲ್ಲಿ ಆಕೆಯ ಪಕ್ಕ ಕುಳಿತ. ಕೈ ಬೆನ್ನ ಹಿಂದೆ ಕಟ್ಟಿಕೊಂಡಿರಬೇಕೆಂದು ಆಕೆಯ ಆಜ್ಞೆ. ಒಂದು ಸಂಜೆ ತಡೆಯಲಾರದೆ ಮುಂದಿನವನ ಹುಟ್ಟು ಕಸಿದುಕೊಂಡ. ದೋಣಿ ಗಿರ್ರನೆ ತಿರುಗಿತು. ಎಷ್ಟು ತಿರುಗಿತೆಂದರೆ, ಕೆಳಗಿದ್ದ ಮೀನುಗಳಿಗೆ ತಲೆಸುತ್ತು ಬಂದು ತಾವಾಗಿ ಬುಟ್ಟಿಗೆ ಹಾರಿದವು. ಆಕೆ ಬೈಯಲಿಲ್ಲ. ಸಾರಿಗಾಯಿತು ಎಂದಳು.

ಆಕೆ ಬಲಶಾಲಿಗಳ ಕಡೆ ನೋಡುತ್ತಲೇ ಇರಲಿಲ್ಲ. ಎಲ್ಲರಿಗಿಂತ ನಿಧಾನವಾಗಿದ್ದವನ ಉಸಿರು ನೋಡಿ ಕೂಗು ಹಾಕುತ್ತಿದ್ದಳು. ಉಳಿದವರು ಆ ಕೂಗಿಗೆ ಕೈ ಕೂಡಿಸುತ್ತಿದ್ದರು. ದೋಣಿ ನೆಟ್ಟಗೆ ಹೋಗುತ್ತಿತ್ತು.

ಮಾರನೆಯ ದಿನ ಕಂಚುಗಾರ ಕುಲುಮೆಯಲ್ಲೂ ಕೈ ಕಟ್ಟಿ ನಿಂತು ನೋಡಿದ. ಗಾಳಿಗೆ ಎದುರಾದ ಕುಲುಮೆ ಬೇಗ ಕಾಯುತ್ತಿತ್ತು. ಗೋಡೆಯ ಮರೆಯದು ತಡವಾಗಿ ಕಾಯುತ್ತಿತ್ತು. ಇಷ್ಟು ವರ್ಷ ಕಂಚು ನೋಡಿದ್ದನೇ ಹೊರತು ಕುಲುಮೆಗಳನ್ನು ನೋಡಿರಲಿಲ್ಲ.

ಇನ್ನೊಂದನ್ನೂ ಕಂಡ. ಅವನು ಹೊಳೆಗೆ ಹೋದ ಒಂದು ಸಂಜೆಯೂ ಏಳರಲ್ಲಿ ಅವನ ಸ್ವಂತದ್ದಾದ ಕುಲುಮೆ ಆರಿರಲಿಲ್ಲ. ಅವನು ಆಚೆ ಸರಿಸಿದವರೇ ತಮ್ಮ ಕೆಲಸ ಮುಗಿಸಿ, ಸರದಿಯಂತೆ ಬಂದು ಬೆಂಕಿಗೆ ಗಾಳಿ ಊದುವ ಅವನ ತಿದಿ ಒತ್ತುತ್ತಿದ್ದರು.

"ನನಗೆ ಹೇಳಬಾರದಿತ್ತೇನ್ರಪ್ಪಾ?" ಎಂದು ಕೇಳಿದ.

"ಹೇಳಿದ್ದರೆ ನೀವು ಹೋಗುತ್ತಿರಲಿಲ್ಲ, ಯಜಮಾನರೇ," ಎಂದ ಒಬ್ಬ. "ನೀವು ಹೋಗದಿದ್ದರೆ ನಮ್ಮ ಕೈಗೆ ಸಲಾಕೆ ಸಿಗುತ್ತಿರಲಿಲ್ಲ."

ಎಲ್ಲರೂ ನಕ್ಕರು. ಕಂಚುಗಾರನೂ ನಕ್ಕ. ನಗುವಾಗ ಅವನ ಕಣ್ಣು ಒದ್ದೆಯಾಯಿತು.

ಹೊಸ ಗಂಟೆಗೆ ಮೇಣದ ಮಾದರಿ ಸಿದ್ಧವಾಯಿತು. ಮೇಣದ ಅಂಚಿನಲ್ಲಿ ಯಜಮಾನ ತನ್ನ ಹೆಬ್ಬೆರಳು ಒತ್ತುವುದು ಆ ಕಂಚುಗಾರರ ವಾಡಿಕೆ. ಮೇಲೆ ಮಣ್ಣು ಮೆತ್ತಿ ಕಾಯಿಸಿ, ಮೇಣ ಕರಗಿದ ಜಾಗಕ್ಕೆ ಕಂಚು ಇಳಿದರೆ, ಗಂಟೆ ಇರುವ ತನಕ ಆ ಗುರುತು ಇರುತ್ತದೆ. ಈ ಸಲ ಅವನು ಒತ್ತಲಿಲ್ಲ. ತಿದಿ ಒತ್ತಿದವರನ್ನೆಲ್ಲ ಕರೆದು ಒತ್ತಿಸಿದ.

ಎರಕದ ದಿನ ಗೋಡೆಯ ಮರೆಯ ಕುಲುಮೆಗೆ ಮೊದಲು ಬೆಂಕಿ ಹಾಕಿಸಿದ. ಗಾಳಿಗೆ ಎದುರಾದದ್ದಕ್ಕೆ ಕೊನೆಗೆ. ಕೈ ಬೆನ್ನ ಹಿಂದೆ ಕಟ್ಟಿ ನಡುವೆ ನಿಂತ. ಹದ ಕೂಡಿದಾಗ ಒಂದು ಕೂಗು ಹಾಕಿದ. ಏಳು ಧಾರೆಗಳು ಒಂದಾಗಿ ಇಳಿದವು.

ಮಂಜು ಕವಿದ ಬೆಳಗ್ಗೆ ಗಂಟೆ ಬಾರಿಸಿದರು. ಆಚೆ ದಡದ ಹಾವುಗಳೂ ಹೆಡೆ ಎತ್ತಿ ಕೇಳಿದವು. ಹಾವಿಗೆ ಕಿವಿ ಇಲ್ಲ ಎನ್ನುವವರು ಆ ದಿನ ಅಲ್ಲಿರಲಿಲ್ಲ, ಅಷ್ಟೇ. ದೋಣಿಗಳೆಲ್ಲ ದಡ ಸೇರಿದವು. ಆ ಹೆಂಗಸು ಇಳಿದು ಬಂದು ಗಂಟೆಯ ಅಂಚನ್ನು ತಡವಿದಳು.

"ಇಷ್ಟು ಹೆಬ್ಬೆರಳುಗಳಲ್ಲಿ ನಿನ್ನದು ಯಾವುದೋ?"

"ನನ್ನದು ಬೆನ್ನ ಹಿಂದಿತ್ತು, ಅಕ್ಕಾ," ಎಂದ ಕಂಚುಗಾರ. ಮೊದಲು ಆಕೆಗೆ, ಆಮೇಲೆ ಕುಲುಮೆಯವರಿಗೆ ಕೈ ಮುಗಿದ.

ಕತೆ ಇಷ್ಟೇ.

ಬಸಲಿಂಗ ತಲೆಯಾಡಿಸಿದ. "ಪಾಠಕ್ಕೆ ಹೋಗುತ್ತೇನೆ, ಅಜ್ಜಾರೇ. ಆದರೆ ನಾನಿಲ್ಲದಾಗ ಅಲ್ಲಿ ಕುಲುಮೆ ಆರಿಬಿಟ್ಟರೆ?"

ನಾನು ಒಂದೇ ಮಾತು ಕೇಳಿದೆ.

"ಇಷ್ಟು ಹೊತ್ತು ನೀನು ನನ್ನ ಜಗಲಿಯಲ್ಲಿ ಕುಳಿತಿದ್ದೀಯಲ್ಲ ಮಗನೇ, ಆ ಕುಲುಮೆಯನ್ನೀಗ ಆರದಂತೆ ಕಾಯುತ್ತಿರುವವರು ಯಾರು?"