ಕುಳಿ ಬಿದ್ದ ನಳಿಗೆ

“ಗುರುಗಳೇ, ನನ್ನಲ್ಲಿ ಇನ್ನೂ ಎಷ್ಟು ಪಾಪದ ಕಲೆ ಉಳಿದಿದೆ?” ಎಂದು ಚೆನ್ನವೀರ ಕೇಳಿದ.

ಮಠಕ್ಕೆ ಬರುವ ಮೊದಲು ಅವನು ಸಿಟ್ಟಿನಲ್ಲಿ ಒಮ್ಮೆ ಅಣ್ಣನ ಮೇಲೆ ಕೈ ಮಾಡಿದ್ದ. ಅಣ್ಣ ಅದನ್ನು ಅಂದೇ ಮನ್ನಿಸಿದ್ದ. ಇವನು ಮಾತ್ರ ಮೂರು ವರ್ಷದಿಂದ ಉಪವಾಸದ ಮೇಲೆ ಉಪವಾಸ ಮಾಡುತ್ತ ಬಂದಿದ್ದ. ಈಗ ಎದ್ದು ನಿಲ್ಲಲು ಗೋಡೆ ಹಿಡಿಯಬೇಕಾಗಿತ್ತು. ಗುರುಗಳಿಗೆ ಮರುಕವೂ ಆಯಿತು, ಸ್ವಲ್ಪ ಸಿಟ್ಟೂ ಬಂತು. ಕುಳಿತುಕೋ ಎಂದು ಹೇಳಿ ಕತೆ ಶುರು ಮಾಡಿದರು.

ಕಾಡಿನ ಅಂಚಿನಲ್ಲಿ ಒಬ್ಬ ರೈತ ಗೆಣಸು ಬೆಳೆಯುತ್ತಿದ್ದ. ಗೆಣಸೆಂದರೆ ಹಂದಿಗಳಿಗೆ ಪ್ರಾಣ. ಅವನ ಅಪ್ಪನ ಕಾಲದ ಕೋವಿಯೊಂದೇ ಆ ಹೊಲಕ್ಕೆ ಕಾವಲು. ಅದರ ಸದ್ದಿಗೇ ಹಂದಿಗಳು ಓಡುತ್ತಿದ್ದವು. ಒಂದು ಮಳೆಗಾಲ ಅವನು ಅದನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮರೆತ. ತೆಗೆದು ನೋಡಿದರೆ ನಳಿಗೆಯ ಕಪ್ಪು ಹೊದಿಕೆ ಕಿತ್ತುಹೋಗಿ ಮೈತುಂಬ ತುಕ್ಕು. ತನ್ನದೇ ತಪ್ಪೆಂದು ಅವನಿಗೆ ಬಹಳ ನಾಚಿಕೆಯಾಯಿತು. ಕೋವಿಯನ್ನು ಕಮ್ಮಾರನ ಬಳಿ ಒಯ್ದ.

ಕಮ್ಮಾರ ಹುಳಿನೀರು ಹಚ್ಚಿ ಹಳೆಯ ಕಪ್ಪನ್ನೂ ತುಕ್ಕನ್ನೂ ತೆಗೆದ. ಬಿಳಿಯ ಕಬ್ಬಿಣ ಕಂಡಿತು. ತುಕ್ಕು ತಿಂದ ಕಡೆ ಸಾಸಿವೆಯಷ್ಟು ಸಣ್ಣ ಕುಳಿಗಳು ಉಳಿದಿದ್ದವು. ಅಲ್ಲಿಗೆ ಕಮ್ಮಾರ ಕೈ ನಿಲ್ಲಿಸಿದ. ಕುಳಿಯ ಮೇಲೂ ಹೊಸ ಕಪ್ಪು ಕೂರುತ್ತದೆ, ತುಕ್ಕು ಮತ್ತೆ ಹತ್ತದು ಎಂದ. ರೈತ ಒಪ್ಪಲಿಲ್ಲ. ಅಪ್ಪನ ಕೋವಿ, ಒಂದು ಕಲೆಯೂ ಇರಕೂಡದು ಎಂದು ಹಟ ಹಿಡಿದು ಅದನ್ನು ಮನೆಗೆ ತಂದ.

ಎಂಟು ದಿನ ಜಗಲಿಯಲ್ಲಿ ಕುಳಿತು ಅರ ಹಾಕಿ ಉಜ್ಜಿದ. ಕುಳಿಯನ್ನು ಕೀಳಲು ಬರುವುದಿಲ್ಲವಲ್ಲ. ಅದರ ತಳ ಸಿಗುವವರೆಗೆ ಸುತ್ತಲಿನ ಗಟ್ಟಿ ಕಬ್ಬಿಣವನ್ನೇ ಸವೆಸಬೇಕು. ಆ ಪುಣ್ಯಾತ್ಮ ಅದನ್ನೇ ಮಾಡಿದ. ಒಂಬತ್ತನೆಯ ದಿನ ನಳಿಗೆಯಲ್ಲಿ ಮುಖ ಕಾಣುತ್ತಿತ್ತು. ಖುಷಿಯಿಂದ ಕಮ್ಮಾರನಿಗೆ ಕೊಟ್ಟು, ಇನ್ನು ಕಪ್ಪು ಹಾಕು ಎಂದ.

ಕಮ್ಮಾರ ನಳಿಗೆಯ ಒಳಗಳತೆ, ಹೊರಗಳತೆ ಎರಡನ್ನೂ ನೋಡಿದ. ಮದ್ದು ಸಿಡಿಯುವ ಬುಡದಲ್ಲೇ ಅದು ತೀರಾ ತೆಳ್ಳಗಾಗಿತ್ತು.

“ಕಪ್ಪು ಹಾಕೋದಿಲ್ಲಪ್ಪ. ಹಾಕಿದರೆ ಗಟ್ಟಿಯಾಗಿದೆ ಅಂತ ನಂಬಿ ನೀನು ಮದ್ದು ತುಂಬ್ತೀಯ. ನಿನ್ನ ಕೈ ಹೋಗುತ್ತೆ.”

“ನೋಡು, ಒಂದಾದರೂ ಕಲೆ ಇದೆಯಾ?”

“ಕಲೆ ಇಲ್ಲ. ಕೋವಿಯೂ ಇಲ್ಲ.”

ರೈತ ಅದನ್ನು ಮನೆಗೆ ತಂದು ಗೂಟಕ್ಕೆ ತೂಗುಹಾಕಿದ. ಬಂದವರೆಲ್ಲ ಹೊಳಪು ನೋಡಿ ಹೊಗಳಿದರು. ಆ ವರ್ಷ ಅವನು ಡಬ್ಬ ಬಡಿಯುತ್ತ ಹೊಲದಲ್ಲಿ ಓಡಾಡಿದ. ಹಂದಿಗಳು ಗೆಣಸನ್ನು ಬುಡಸಮೇತ ತಿಂದು ಹೋದವು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ, ಹಾಗಾದರೆ ಆ ಕಮ್ಮಾರ ಕುಳಿಗಳನ್ನು ಹಾಗೇ ಬಿಟ್ಟು ಕಪ್ಪು ಹಾಕಿಬಿಡುತ್ತಿದ್ದನೇ ಎಂದು ಕೇಳಿದ. ಅವನು ಹಾಗೆ ಕೊಟ್ಟ ಕೋವಿಗಳು ಇಂದಿಗೂ ಹೊಲ ಕಾಯುತ್ತಿವೆ ಎಂದರು ಗುರುಗಳು. ಆಮೇಲೆ ಅವನ ಬಡಕಲು ಮಣಿಕಟ್ಟನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು.

“ಕಲೆ ಎಷ್ಟು ಉಳಿದಿದೆ ಎಂದು ಕೇಳಿದೆಯಲ್ಲ ಮಗು, ನೀನೆಷ್ಟು ಉಳಿದಿದ್ದೀಯ, ಅದನ್ನು ಹೇಳು.”