ಅಂಗಳದಾಚೆಗೆ ಕೇಳಿಸದ ಗಂಟೆ

"ತಾಯಿ, ನಾಳೆ ದೇಶದ ಮಹಾಸಭೆಯಲ್ಲಿ ನನ್ನ ಪ್ರಮಾಣವಚನ. ಅಲ್ಲಿ ನಾನೊಬ್ಬಳೇ ಹೆಣ್ಣು. ನನಗಾಗಿ ಏನನ್ನೂ ಕೇಳದೆ ಇದ್ದರೆ ಒಳ್ಳೆಯ ಹೆಸರು ಉಳಿಯುವುದೇ?" ಎಂದು ಶಿಷ್ಯೆ ಕೇಳಿದಳು.

ಗುರುಮಾತೆ ಹೇಳಿದರು:

ಇನ್ನೊಂದು ದೇಶದ ಮಹಾಸಭೆಗೆ ಮೊದಲ ಬಾರಿಗೆ ಒಬ್ಬ ಹೆಂಗಸು ಆರಿಸಿ ಬಂದಳು. ಆ ಸಭೆಯಲ್ಲಿ ಮತ ಹಾಕುವ ಮುನ್ನ ಗಂಟೆ ಬಾರಿಸುತ್ತಿದ್ದರು. ಗಂಟೆ ನಿಂತ ಕೂಡಲೇ ಬಾಗಿಲಿಗೆ ಅಗುಳಿ ಬೀಳುತ್ತಿತ್ತು. ಹೊರಗೆ ಉಳಿದವರಿಗೆ ಮತವಿಲ್ಲ.

ಸಭಾಭವನವನ್ನು ಕಟ್ಟಿಸಿದವರು ಹೆಂಗಸರು ಸದಸ್ಯರಾಗಿ ಬರುವರೆಂದು ಎಣಿಸಿರಲಿಲ್ಲ. ಕಸ ಗುಡಿಸುವ ಹೆಂಗಸರಿಗೆಂದು ಅಂಗಳದಾಚೆ ಒಂದು ಶೌಚಾಲಯವಿತ್ತು. ಗಂಟೆಯ ದನಿ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಮೊದಲ ವಾರವೇ ಅವಳಿಗೆ ಅದು ತಿಳಿಯಿತು. ಅಲ್ಲಿಯೂ ಒಂದು ಗಂಟೆ ಹಾಕಿಸಿ ಎಂದು ಕೇಳಲು ಅಂಜಿದಳು. ಹೆಣ್ಣು ಬಂದ ಕೂಡಲೇ ಸೌಕರ್ಯ ಕೇಳಿದಳು ಎಂದಾರೆಂಬ ಭಯ. ಅಂದಿನಿಂದ ಸಭೆ ಸೇರಿದ ದಿನಗಳಲ್ಲಿ ಅವಳು ಸಂಜೆಯವರೆಗೆ ನೀರು ಕುಡಿಯಲಿಲ್ಲ.

"ಅಕ್ಕನವರು ನಮಗಿಂತ ಗಟ್ಟಿ. ಒಂದು ಲೋಟ ನೀರನ್ನೂ ಕೇಳಿದವರಲ್ಲ," ಎಂದು ಸದಸ್ಯರು ನಗುತ್ತಿದ್ದರು. ಅವಳು ಅದನ್ನು ಬಿರುದಿನಂತೆ ಸ್ವೀಕರಿಸಿದಳು.

ವಿಧವೆಯನ್ನು ಗಂಡನ ಮನೆಯಿಂದ ಹೊರಹಾಕಬಾರದೆಂಬ ಮಸೂದೆಗಾಗಿ ಅವಳು ಹನ್ನೊಂದು ವರ್ಷ ದುಡಿದಳು. ಕೊನೆಗೆ ಅದು ಮತಕ್ಕೆ ಬಂದಿತು. ಹತ್ತು ದಿನಗಳ ಹಿಂದಷ್ಟೇ ಇನ್ನೊಬ್ಬ ಹೆಂಗಸು ಆರಿಸಿ ಬಂದು ಅವಳ ಪಕ್ಕದ ಆಸನದಲ್ಲಿ ಕುಳಿತಿದ್ದಳು. ಭಾಷಣಗಳ ನಡುವೆ ಆ ಎರಡನೆಯವಳು ಎದ್ದು ಹೊರಗೆ ಹೋದಳು. ಭಾಷಣಗಳು ಎಣಿಸಿದ್ದಕ್ಕಿಂತ ಬೇಗ ಮುಗಿದವು. ಗಂಟೆ ಮೊಳಗಿತು.

ಮೊದಲನೆಯವಳು ಖಾಲಿ ಆಸನವನ್ನು ನೋಡಿದಳು. ಬಾಗಿಲನ್ನು ನೋಡಿದಳು. ಕರೆಯಲು ಹೋದರೆ ತಾನೂ ಹೊರಗೆ ಉಳಿಯಬೇಕು. "ಅಧ್ಯಕ್ಷರೇ, ಗಂಟೆ ಅಂಗಳದಾಚೆಗೆ ಕೇಳಿಸದು, ತುಸು ತಾಳಿ" ಎಂದಿದ್ದರೆ ಸಾಕಿತ್ತು. ಅಧ್ಯಕ್ಷರು ಸಜ್ಜನರು, ತಾಳುತ್ತಿದ್ದರು. ಅವಳು ಮೇಜಿನ ಅಂಚನ್ನು ಹಿಡಿದಳು. ಕಾವಲುಗಾರನ ಕೈ ಆಗಲೇ ಅಗುಳಿಯ ಮೇಲಿತ್ತು. ಹನ್ನೊಂದು ವರ್ಷ ಏನನ್ನೂ ಕೇಳದ ನಾಲಿಗೆ ಅಂದೂ ಏಳಲಿಲ್ಲ. ಗಂಟೆ ನಿಂತಿತು.

ಒಂದು ಮತ ಸಾಲದೆ ಮಸೂದೆ ಬಿದ್ದುಹೋಯಿತು.

ಬಾಗಿಲು ತೆರೆದಾಗ ಎರಡನೆಯವಳು ಹೊಸ್ತಿಲಾಚೆ ನಿಂತಿದ್ದಳು.

"ನನ್ನ ಹಾಗೆ ನೀನೂ ತಡೆದುಕೊಳ್ಳಬಾರದಿತ್ತೇ?" ಎಂದು ಮೊದಲನೆಯವಳು ಕೇಳಿದಳು.

"ನೀವು ತಡೆದುಕೊಳ್ಳುತ್ತಿದ್ದಿರೆಂದು ನನಗೆ ಯಾರು ಹೇಳಿದರು, ಅಕ್ಕ? ನಿಮಗೆ ಬಾಯಾರುವುದೇ ಇಲ್ಲವೆಂದು ಎಲ್ಲರೂ ಹೇಳುತ್ತಿದ್ದರು. ನಾನೂ ನಂಬಿದ್ದೆ."

ಗುರುಮಾತೆ ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯೆ ಕೇಳಿದಳು:

"ಅವಳ ಒಳ್ಳೆಯ ಹೆಸರು ಉಳಿಯಿತೇ, ತಾಯಿ?"

"ಉಳಿಯಿತು ಮಗಳೇ, ಅದೊಂದೇ ಉಳಿಯಿತು."