ಯಾರೂ ಹೊಡೆಯದ ಮೊದಲ ಏಟು

"ಕೇಳಿರಿ, ಕೇಳಿರಿ! ಅರಸರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದರೆ ಕೋಟೆಯ ಸೆರೆಯಾಳುಗಳೆಲ್ಲ ಬಿಡುಗಡೆ. ಒಂದು ತಪ್ಪಿದರೂ ತಲೆ ಹೋಗುತ್ತದೆ!"

ಹೀಗೆ ಡಂಗುರ ಸಾರಿದ್ದು ಆಲಿವ್ ಬೆಟ್ಟಗಳ ನಾಡಿನಲ್ಲಿ. ಅಲ್ಲಿ ಯೆಹೂದಿಗಳೂ ಪ್ಯಾಲೆಸ್ತೀನಿಯರೂ ಒಂದೇ ನೆಲಕ್ಕಾಗಿ ಹೊಡೆದಾಡುತ್ತಿದ್ದರು. ಒಬ್ಬರು ಇನ್ನೊಬ್ಬರ ಮಕ್ಕಳನ್ನು ಹಿಡಿದು ತಂದು ಅರಸನ ಕೋಟೆಗೆ ತಳ್ಳುತ್ತಿದ್ದರು. ಅದೇ ಜಗಳದಲ್ಲಿ ಮಗನನ್ನು ಕಳೆದುಕೊಂಡಿದ್ದ ಅರಸನಿಗೆ ಯಾರ ಮೇಲೂ ಕರುಣೆ ಉಳಿದಿರಲಿಲ್ಲ.

ಮೊದಲು ಬಂದವನು ದಂಡನಾಯಕ. ಅರಸ ಕೇಳಿದ: "ಒಬ್ಬನ ಬಳಿ ಬೀಗದ ಕೈ ಇದೆ, ಮನೆಯಿಲ್ಲ. ಇನ್ನೊಬ್ಬನಿಗೆ ಮನೆಯಿದೆ, ಬೀಗ ಹಾಕಿದರೂ ನಿದ್ದೆಯಿಲ್ಲ. ಇಬ್ಬರ ಜೊತೆಗೂ ಊಟಕ್ಕೆ ಕೂರುವ ಮೂರನೆಯವನು ಯಾರು?"

"ಕಾವಲುಗಾರ" ಎಂದ ದಂಡನಾಯಕ. ಅವನ ತಲೆ ಉರುಳಿತು. ಮರುದಿನ ಬಂದ ಪಂಡಿತ "ದೇವರು" ಎಂದ. ಅವನದೂ ಉರುಳಿತು. ಆಮೇಲೆ ತಿಂಗಳವರೆಗೆ ಯಾರೂ ಆ ಕಡೆ ಸುಳಿಯಲಿಲ್ಲ.

ಕೊನೆಗೆ ಬಂದವನು ಹಾತಿಮ್ ಎಂಬ ಪ್ಯಾಲೆಸ್ತೀನಿಯ. ಎರಡೂ ಕಡೆಯ ಊರುಗಳ ಬಾವಿಗಳಲ್ಲಿ ಇಳಿದು ಹೂಳೆತ್ತುವವನು. ಅವನ ತಮ್ಮ ಮುನೀಬ್ ಸೆರೆಯಲ್ಲಿದ್ದು ಮೂರು ವರ್ಷವಾಗಿತ್ತು. ಕೆಸರು ಮೆತ್ತಿದ ಹಾತಿಮನ ಕಾಲು ನೋಡಿ ಸಭೆ ನಕ್ಕಿತು.

"ಮೂರನೆಯವನು ಭಯ, ಪ್ರಭು" ಎಂದ ಹಾತಿಮ್. "ನನ್ನಜ್ಜನನ್ನು ಊರು ಬಿಡಿಸಿ ಓಡಿಸಿದರು. ಹಳೆಯ ಮನೆಯ ಬೀಗದ ಕೈಯನ್ನು ದಿಂಬಿನಡಿ ಇಟ್ಟುಕೊಂಡೇ ಸತ್ತ. ಆಚೆ ಊರಿನಲ್ಲಿ ತಾಯಂದಿರು ಮಕ್ಕಳಿಗೆ ಚಪ್ಪಲಿ ತೊಡಿಸಿಯೇ ಮಲಗಿಸುತ್ತಾರೆ, ಎದ್ದು ಓಡಬೇಕಾದೀತೆಂದು."

ನಗು ನಿಂತಿತು. ಅರಸ ಎರಡನೆಯ ಒಗಟು ಕೇಳಿದ: "ಎರಡನೆಯದನ್ನು ಮಾಡಿದೆವೆಂದು ಎಲ್ಲರೂ ಒಪ್ಪುತ್ತಾರೆ. ಮೊದಲನೆಯದನ್ನು ಯಾರೂ ಮಾಡಿಲ್ಲ. ಏನದು?"

"ಏಟು. ಎರಡೂ ಊರುಗಳಲ್ಲಿ ಕೇಳಿದ್ದೇನೆ ಪ್ರಭು, ಎಲ್ಲರೂ ತಿರುಗಿ ಹೊಡೆದವರೇ. ಮೊದಲು ಹೊಡೆದವರು ಒಬ್ಬರೂ ಸಿಕ್ಕಲಿಲ್ಲ."

"ಗೆದ್ದವನಿಗೂ ದಕ್ಕುವುದಿಲ್ಲ, ಸೋತವನಿಗೂ ದಕ್ಕುವುದಿಲ್ಲ. ನನ್ನೊಬ್ಬನಿಗೇ ಇರಲಿ ಎಂದು ಹಿಡಿದುಕೊಂಡರೆ ಕೈಯಲ್ಲೇ ಸಾಯುತ್ತದೆ. ಇದು ಮೂರನೆಯದು" ಎಂದ ಅರಸ.

ಹಾತಿಮ್ ತಲೆ ತಗ್ಗಿಸಿ ನಿಂತ. ಕೊಡಲಿ ಹಿಡಿದವನು ಒಂದು ಹೆಜ್ಜೆ ಮುಂದೆ ಬಂದ.

"ನೆಮ್ಮದಿ" ಎಂದ ಹಾತಿಮ್. "ಪಕ್ಕದ ಮನೆಯಲ್ಲಿ ಅದಿಲ್ಲದಿದ್ದರೆ ನಮ್ಮ ಮನೆಯಲ್ಲೂ ನಿಲ್ಲದು."

ಅರಸ ಸಿಂಹಾಸನದಿಂದ ಎದ್ದ. "ಅದನ್ನು ತರುವುದು ಹೇಗಪ್ಪಾ?"

"ಅದು ನಾಲ್ಕನೆಯ ಒಗಟು, ಪ್ರಭು. ನನಗೆ ಗೊತ್ತಿಲ್ಲ."

ಕೊಟ್ಟ ಮಾತಿನಂತೆ ಕೋಟೆಯ ಬಾಗಿಲು ತೆರೆಯಿತು. ಕೆಲವರು ನಡೆದು ಬಂದರು, ಕೆಲವರನ್ನು ಗಾಡಿಯಲ್ಲಿ ತಂದರು. ಮುನೀಬ್ ನಡೆದು ಬಂದ. ಹಾತಿಮ್ ಅವನನ್ನು ತಬ್ಬಿಕೊಂಡು ಅತ್ತ. ಪಕ್ಕದಲ್ಲೇ ತಿರ್ಜಾ ಎಂಬ ಯೆಹೂದಿ ಮುದುಕಿ, ಗಾಡಿಯಿಂದ ಕಿರಿಮಗನ ಹೆಣ ಇಳಿಸಲಾರದೆ ಒದ್ದಾಡುತ್ತಿದ್ದಳು. ಹಾತಿಮ್ ಹೋಗಿ ಕೈಕೊಟ್ಟ.

"ನಿನ್ನವನು ಬಂದನೇ, ಮಗಾ?"

"ಬಂದ, ತಾಯಿ."

"ಬೇಗ ಮನೆಗೆ ಕರೆದುಕೊಂಡು ಹೋಗು."

ಅಷ್ಟರಲ್ಲಿ ಓಡಿ ಬಂದ ಅವಳ ಹಿರಿಮಗ ಹಾತಿಮನನ್ನು ದೂರ ತಳ್ಳಿದ. "ನಮ್ಮವನನ್ನು ಮುಟ್ಟಬೇಡ!"

ಹಾತಿಮ್ ತಮ್ಮನ ಬಳಿ ಬಂದ. ಮುನೀಬ್ ಆ ಹೆಣವನ್ನೇ ನೋಡುತ್ತಿದ್ದ.

"ಅವರಲ್ಲಿ ಒಬ್ಬನೇ ತಾನೇ ಸತ್ತದ್ದು, ಅಣ್ಣಾ? ನಮ್ಮವರು ಎಷ್ಟು ಜನ!"

ಹಾತಿಮ್ ತಮ್ಮನ ಕೈ ಹಿಡಿದು ಮನೆಯ ಕಡೆ ನಡೆದ. ದಾರಿಯುದ್ದಕ್ಕೂ ಆ ಕೈ ಮುಷ್ಟಿ ಬಿಗಿದೇ ಇತ್ತು.